ಬೀಗಿತ್ತಿಯ ಜೊತೆ ಮೂರೋಟ

ನಮ್ಮೂರಲ್ಲಿ ಮಳೆ ಬಿದ್ದರೆ ರಸ್ತೆ ಹಿಗ್ಗುತ್ತದೆ. ಬೇರೆ ಊರಿನಿಂದ ಬಂದವರು ಇದನ್ನು ಕೇಳಿ ಕಣ್ಣು ಬಾಯಿ ಬಿಡುತ್ತಾರೆ. ನಮಗೇನೂ ಅನ್ನಿಸುವುದಿಲ್ಲ. ತುಂತುರು ಬಿದ್ದರೆ ನನ್ನ ಹಿಟ್ಟಿನ ಗಿರಣಿಯಿಂದ ಮನೆಗೆ ಹೋಗುವ ದಾರಿ ಎರಡರಷ್ಟಾಗುತ್ತದೆ, ಜಡಿಮಳೆಯಾದರೆ ಎಷ್ಟಾಗುತ್ತದೋ ಆ ದೇವರಿಗೇ ಗೊತ್ತು. ಮನೆಗಳು ಇದ್ದಲ್ಲೇ ಇರುತ್ತವೆ, ಕಿಟಕಿಯಲ್ಲಿ ನಿಂತರೆ ಎದುರು ಮನೆಯವರ ಒಗ್ಗರಣೆ ವಾಸನೆಯೂ ಮೂಗಿಗೆ ಬರುತ್ತದೆ. ರಸ್ತೆಗೆ ಕಾಲಿಟ್ಟವರಿಗೆ ಮಾತ್ರ ಅದು ಮುಗಿಯುವುದಿಲ್ಲ. ಮೋಡ ಕಂಡರೆ ಮೇಷ್ಟ್ರು ಪಾಠ ಅರ್ಧಕ್ಕೇ ಬಿಟ್ಟು ಮಕ್ಕಳನ್ನು ಮನೆಗೆ ಅಟ್ಟುತ್ತಾರೆ. ಮೂಲೆ ಅಂಗಡಿಗೆ ಉಪ್ಪು ತರಲು ಹೋಗುವವರೂ ಮಳೆಗಾಲದಲ್ಲಿ ಬುತ್ತಿ ಕಟ್ಟಿಕೊಂಡೇ ಹೊರಡುತ್ತಾರೆ.

ಇದಕ್ಕಿರುವುದು ಒಂದೇ ಉಪಾಯ, ಮಾತು. ಇಬ್ಬರು ಮಾತಾಡುತ್ತಾ ನಡೆದರೆ ಅವರ ದನಿ ಕೇಳಿಸುವಷ್ಟು ದೂರ ರಸ್ತೆ ಇದ್ದ ಹಾಗೇ ಇರುತ್ತದೆ. ಆದರೆ ಹೊಸ ಮಾತೇ ಆಗಬೇಕು. ಒಂದು ಸಲ ಆಡಿದ್ದನ್ನು ಅದೇ ಮನುಷ್ಯರ ಹತ್ತಿರ ಮತ್ತೆ ಆಡಿದರೆ ರಸ್ತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನೂ ನಮ್ಮ ಯಜಮಾನರೂ ಎಂಥ ಮಳೆಯಲ್ಲೂ ಪೇಟೆ ಸುತ್ತಿ ಬರುತ್ತಿದ್ದೆವು. ಈಗ ಇಬ್ಬರ ಹತ್ತಿರವೂ ಸರಕು ಖಾಲಿ. ಹನಿ ಬಿದ್ದರೆ ಅವರು ರೇಡಿಯೋ ಮುಂದೆ, ನಾನು ಗಿರಣಿಯಲ್ಲಿ. ಜಗಳದ ಮಾತೂ ನಡೆಯುತ್ತದೆ, ಅದೊಂದು ಪುಣ್ಯ. ನಮ್ಮೂರಿನ ಬುದ್ಧಿವಂತರು ಬೇಸಿಗೆಯ ಜಗಳಗಳನ್ನು ಪೂರ್ತಿ ಆಡಿ ಮುಗಿಸದೆ ಮಳೆಗಾಲಕ್ಕೆಂದು ಎತ್ತಿಟ್ಟುಕೊಂಡಿರುತ್ತಾರೆ.

ಇಂಥ ಊರಲ್ಲಿ ಮಳೆಗಾಲದಲ್ಲಿ ಹೆರಿಗೆ ನೋವು ಬಂದರೆ ಏನು ಗತಿ? ಅದಕ್ಕೇ ಬೀದಿಗೊಬ್ಬರು ದಾರಿಯವರು ಅಂತ ಇರುತ್ತಾರೆ. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು, ರಸ್ತೆ ಎಷ್ಟೇ ಉದ್ದವಾಗಿರಲಿ, ಒಬ್ಬರೇ ಹೋಗಿ ಆಸ್ಪತ್ರೆಯಿಂದ ಡಾಕ್ಟರಮ್ಮನನ್ನು ಕರೆತರುವವರು. ಪಟ್ಟಿ ಇಲ್ಲದವರ ಜೊತೆ ಡಾಕ್ಟರಮ್ಮ ಒದ್ದೆ ರಸ್ತೆಗೆ ಕಾಲಿಡುವುದಿಲ್ಲ. ಹಿಂದೆ ನರ್ಸಮ್ಮ ಒಬ್ಬರು ಯಾರದೋ ಧೈರ್ಯದ ಮಾತು ನಂಬಿ ಹೊರಟು ದಾರಿಯಲ್ಲೇ ಎರಡು ದಿನ ಕಳೆದಿದ್ದರಂತೆ, ಹಾಗಾಗಿ ಅವರದೂ ತಪ್ಪಲ್ಲ. ಆ ಪಟ್ಟಿ ಸಿಗಬೇಕೆಂದರೆ ಮೂರೋಟ ಮುಗಿಸಬೇಕು. ಪೇಪರಿನವರು ಅದಕ್ಕೆ ಟ್ರಯಥ್ಲಾನ್ ಅನ್ನುತ್ತಾರೆ. ಬೆಳಗಾಗುತ್ತಲೇ ದೊಡ್ಡಕೆರೆ ಈಜಿ, ಅಲ್ಲಿಂದ ಸೈಕಲ್ಲಿನಲ್ಲಿ ಕರಿಗುಡ್ಡ ಹತ್ತಿ ಇಳಿದು, ಆಮೇಲೆ ಊರೆಲ್ಲ ಬಳಸಿಕೊಂಡು ಓಡಿ ಬಂದು ಹಳೇ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿರುವ ಹಗ್ಗ ಮುಟ್ಟಬೇಕು. ಬೀದಿ ದೀಪ ಹೊತ್ತುವುದರೊಳಗೆ ಮುಟ್ಟಬೇಕು, ಹೊತ್ತಿದ ಕ್ಷಣ ಹಗ್ಗ ಬಿಚ್ಚಿಬಿಡುತ್ತಾರೆ. ಓಡುವವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬಹುದು. ಆದರೆ ನೋಡಲು ನಿಂತವರು ತುಟಿ ಬಿಚ್ಚುವ ಹಾಗಿಲ್ಲ. ಯಾರಾದರೂ ಮಾತಾಡಿಸಿದರೆ ಓಡುವವರನ್ನು ಆಟದಿಂದ ಹೊರಗೆ ಹಾಕುತ್ತಾರೆ.

ನಮ್ಮ ಗಾಣದ ಬೀದಿಗೆ ದಾರಿಯವರಿಲ್ಲದೆ ಕೆಲವು ವರ್ಷವಾಗಿತ್ತು. ಇದ್ದವರಿಗೆ ಮಂಡಿ ಹೋಯಿತು. ಹುಡುಗರು ವರ್ಷ ವರ್ಷ ಹೋಗಿ ಕರಿಗುಡ್ಡದ ಮೇಲೆ ಕೂತು ಎಳನೀರು ಕುಡಿದು ವಾಪಸು ಬರುತ್ತಿದ್ದರು. ನನ್ನ ಮಗ ಗಿರಿಧರನೋ, ತಲೆಸ್ನಾನಕ್ಕೇ ಹೆದರುವ ಆಸಾಮಿ. ಅಷ್ಟರಲ್ಲಿ ಸೊಸೆ ಚಂದನ ಬಸುರಿಯಾದಳು. ದಿನ ಬಿದ್ದಿದ್ದು ಆಷಾಢದಲ್ಲಿ, ನಟ್ಟ ನಡು ಮಳೆಗಾಲ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಹುಡುಗಿ ಸೊಂಟ ತುಂಬಾ ಕಿರಿದು. ನಾನಿಲ್ಲದೆ ಆಗೋ ಹೆರಿಗೆ ಅಲ್ಲ ಇದು. ದಾರಿಯವರು ಇರೋ ಬೀದೀಲಿ ಇಟ್ಕೊಳ್ಳಿ, ಇಲ್ಲಾಂದ್ರೆ ತಾಯಿ ಮಗು ಇಬ್ರಿಗೂ ಅಪಾಯ," ಅಂದುಬಿಟ್ಟರು. ಮಳೆಗಾಲ ಪೂರ್ತಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ ಎಂದರೆ ಅಲ್ಲಿ ಇರುವುದೇ ನಾಲ್ಕು ಮಂಚ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎದ್ದವಳೇ ಯಜಮಾನರಿಗೆ, "ಈ ಸಲ ಮೂರೋಟಕ್ಕೆ ನಾನೇ ಹೋಗ್ತೀನಿ," ಅಂದೆ. ಅವರು ರೇಡಿಯೋ ಕಿವಿ ಹಿಂಡುತ್ತಾ, "ಗಿರಣಿ ಬೆಲ್ಟು ಸರಿ ಮಾಡಿಸಿ ಹೋಗು," ಅಂದರು. ಅವರು ನಂಬಲಿಲ್ಲ.

ಇನ್ನೊಂದು ತೊಡಕು ಎಂದರೆ ಬೀಗಿತ್ತಿ, ಚಂದನಳ ತಾಯಿ ವನಮಾಲ. ಅವರು ಮಗ್ಗದ ಬೀದಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾರೆ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಎನ್ನುವುದು ಪದ್ಧತಿ, ಅದು ಅವರ ಹಕ್ಕು. ಆದರೆ ಅವರ ಬೀದಿಯಲ್ಲೂ ದಾರಿಯವರಿಲ್ಲ. ಕೂತು ಮಾತಾಡಿದ್ದರೆ ಏನಾದರೂ ಒಂದು ದಾರಿ ಕಾಣುತ್ತಿತ್ತೋ ಏನೋ, ನಮಗಿಬ್ಬರಿಗೂ ಮಾತೇ ಇರಲಿಲ್ಲ. ಮದುವೆಯ ದಿನ ಅಕಾಲದಲ್ಲಿ ಮಳೆ ಬಂದಿತ್ತು. ನಮ್ಮಲ್ಲಿ ಹಾಗಾದಾಗ ಬೀಗಿತ್ತಿಯರಿಬ್ಬರೂ ಮಾತಾಡಿಕೊಂಡು ಮುಂದೆ ನಡೆಯಬೇಕು, ದಿಬ್ಬಣ ಹಿಂದೆ ಬರಬೇಕು. ಅರ್ಧ ದಾರಿಯಲ್ಲಿ ಮಾತು ನಿಂತಿತು. ಎದುರಿಗೇ ಇದ್ದ ಛತ್ರ ನಮಗೆ ಸಿಗಲೇ ಇಲ್ಲ, ಮುಹೂರ್ತ ಮೀರಿತು, ನನ್ನ ಓರಗಿತ್ತಿಯರು ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಬಾಯಿ ಮುಚ್ಚಿದ್ದು ಅವರು ಅಂತ ನಾನು, ನಾನು ಅಂತ ಅವರು. ಅವತ್ತು ಬಿಟ್ಟ ಮಾತು ಆಮೇಲೆ ಆಡಲಿಲ್ಲ. ವನಮಾಲ ಅವರೂ ಮೂರೋಟಕ್ಕೆ ತಯಾರಿ ನಡೆಸಿದ್ದಾರೆ ಎನ್ನುವುದು ನನಗೆ ಗೊತ್ತಾಗಿದ್ದು ಕೆರೆಯಲ್ಲಿ. ಒಂದು ದಿನ ಬೆಳಗಿನ ಜಾವ ನಾನು ಪಡುವಣ ದಂಡೆಯಲ್ಲಿ ನೀರಿಗಿಳಿದರೆ ಮೂಡಣ ದಂಡೆಯಲ್ಲಿ ಇನ್ನೊಂದು ತಲೆ ಮೇಲೆ ಕೆಳಗೆ ಆಗುತ್ತಿತ್ತು. ಯಾರು ಮುಗಿಸಿದರೆ ಅವರ ಮನೆಗೆ ಹುಡುಗಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಐದು ತಿಂಗಳು ಅಭ್ಯಾಸ ಮಾಡಿದೆ. ಮೊಮ್ಮಗು ನೋಡುವ ವಯಸ್ಸಿನ ಹೆಂಗಸು ಮಗನ ಟ್ರ್ಯಾಕ್ ಪ್ಯಾಂಟು ಹಾಕಿ ಬೀದಿಯಲ್ಲಿ ಓಡಿದರೆ ಜನ ಬಿಡುತ್ತಾರೆಯೇ? "ಜಯಶೀಲಕ್ಕ, ನಾಯಿ ಅಟ್ಟಿಸಿಕೊಂಡು ಬಂತಾ?" ಅಂದರು. ಅನ್ನಲಿ ಅಂತ ಓಡಿದೆ. ರಾಗಿ ಮೂಟೆ ಎತ್ತಿದ ತೋಳು, ಕೆರೆಗೆ ಸಾಲದೆ ಬರಲಿಲ್ಲ. ಕಾಲಿನದೇ ಚಿಂತೆಯಾಗಿತ್ತು.

ಮೂರೋಟ ಇಡುವುದು ವೈಶಾಖದಲ್ಲಿ, ರಸ್ತೆಗಳೆಲ್ಲ ಒಣಗಿ ಗಿಡ್ಡವಾಗಿರುವಾಗ. ಆದರೆ ಅವತ್ತು ಬೆಳಗ್ಗೆಯೇ ಗಾಳಿ ತಣ್ಣಗಿತ್ತು, ಗುಡ್ಡದ ಕಡೆ ಕಪ್ಪು ಕಟ್ಟಿಕೊಂಡಿತ್ತು. ಕೆರೆ ದಂಡೆಯಲ್ಲಿ ನಿಂತ ಗಂಡಸರೆಲ್ಲ ಆಕಾಶ ನೋಡಿ ಲೊಚಗುಟ್ಟಿದರು. ಸುರುವಾದ ಮೇಲೆ ನಿಲ್ಲಿಸುವ ಪದ್ಧತಿಯಿಲ್ಲ. ಚಂದನ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂದಿದ್ದಳು. ಮೊದಲು ತಾಯಿಯ ಕಾಲಿಗೆ ಬಿದ್ದಳು, ಆಮೇಲೆ ನನ್ನ ಕಾಲಿಗೆ. ಅವಳ ಅಂಗೈ ಬೆವರಿ ಒದ್ದೆಯಾಗಿತ್ತು. "ಅತ್ತೆ, ಮಳೆ ಬಂದ್ರೆ ಬಿಟ್ಬಿಡಿ. ಏನಾದ್ರೂ ಮಾಡೋಣ," ಅಂದಳು. ಏನು ಮಾಡುವುದು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಅವಳ ಕೆನ್ನೆ ತಟ್ಟಿ ನೀರಿಗಿಳಿದೆ.

ಕೆರೆ ಹಿಗ್ಗುವುದಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದೆ. ಆದರೆ ಅವತ್ತು ಗಾಳಿಗೆ ಅಲೆ ಎದ್ದು ಬಾಯಿಗೇ ಬಡಿಯುತ್ತಿತ್ತು. ಉಸಿರು ತೆಗೆದುಕೊಳ್ಳೋಣವೆಂದು ಮುಖ ಎತ್ತಿದರೆ ನೀರು ಒಳಗೆ. ನಡು ಕೆರೆಯಲ್ಲಿ ಒಮ್ಮೆ ಕೆಮ್ಮು ಹತ್ತಿ ಕಣ್ಣು ಕತ್ತಲೆ ಬಂತು, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅಂಗಾತ ಮಲಗಿ, ಮೋಡ ನೋಡುತ್ತಾ, ಕೆಮ್ಮು ನಿಂತ ಮೇಲೆ ಮತ್ತೆ ಕೈ ಬೀಸಿದೆ. ಆಚೆ ದಡ ಹತ್ತುವಾಗ ನನ್ನ ಮುಂದೆ ವನಮಾಲ ಸೈಕಲ್ ಏರುತ್ತಿದ್ದರು. ಹಿಂತಿರುಗಿ ನೋಡಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದರೂ ನನಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ನಾನೂ ಸೈಕಲ್ ಹತ್ತಿದೆ.

ಕರಿಗುಡ್ಡ ಹತ್ತುವ ತನಕ ಮಳೆ ಬೀಳಲಿಲ್ಲ. ಇಳಿಯಲು ಹ್ಯಾಂಡಲ್ ತಿರುಗಿಸಿದೆ ನೋಡಿ, ಮೊದಲ ಹನಿ ಮೂಗಿನ ಮೇಲೆ ಬಿತ್ತು. ಅಯ್ಯೋ ಶಿವನೇ ಅನ್ನುವುದರೊಳಗೆ ಸುರಿಯತೊಡಗಿತು. ಕೆಳಗೆ ಕಾಣುತ್ತಿದ್ದ ಊರು ಕಾಣುತ್ತಲೇ ಇತ್ತು, ಹತ್ತಿರ ಬರಲಿಲ್ಲ. ಒಂದು ಕರೆಂಟ್ ಕಂಬದಿಂದ ಇನ್ನೊಂದು ಕಂಬಕ್ಕೆ ಮೊದಲು ಹತ್ತು ಸಲ ಪೆಡಲ್ ತುಳಿದರೆ ಸಾಕಾಗಿತ್ತು. ಈಗ ತುಳಿದಷ್ಟೂ ತುಳಿಯಬೇಕು. ಬ್ರೇಕು ಹಿಡಿಯುತ್ತಿರಲಿಲ್ಲ, ಚೈನು ಎರಡು ಸಲ ಕಳಚಿತು. ಕೈ ಮರಗಟ್ಟಿ ಚೈನು ಹಾಕಲು ಬೆರಳು ಮಡಿಸಲಾಗದೆ ಹಲ್ಲು ಕಚ್ಚಿ ಅಳು ತಡೆದುಕೊಂಡೆ. ದಾರಿ ಬದಿಯ ಜಗಲಿಗಳ ಮೇಲೆ ಒಬ್ಬೊಬ್ಬರಾಗಿ ಓಟಗಾರರು ಕೂತುಬಿಟ್ಟಿದ್ದರು. ಜಗಲಿ ಹತ್ತಿದರೆ ಆಟ ಮುಗಿದ ಹಾಗೆ. ನಮ್ಮ ಬೀದಿಯ ಹುಡುಗನೊಬ್ಬ ಟವೆಲ್ ಹೊದ್ದು ನನ್ನನ್ನು ನೋಡಿ ತಲೆ ತಗ್ಗಿಸಿದ. ಮನೆಯೊಂದರ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಬಿಸಿ ಶುಂಠಿ ಕಷಾಯದ ಲೋಟ ನೀಡಿದಳು. ಕುಡಿದು ಲೋಟ ಕೊಟ್ಟಾಗ ಕಣ್ಣಲ್ಲೇ ಏನೋ ಕೇಳಿದಳು. ನಾನು ಹೋಗ್ತೀನಿ ಅಂತ ತಲೆಯಾಡಿಸಿದೆ.

ಸೈಕಲ್ ಇಟ್ಟು ಓಟ ಸುರು ಮಾಡುವಾಗ ಹೊತ್ತು ಎಷ್ಟಾಗಿದೆ ಅಂತ ಹೇಳುವವರೇ ಇಲ್ಲ. ಮೋಡದಲ್ಲಿ ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ. ಅವಸರಕ್ಕೆ ಕಾರಣವಿತ್ತು. ನಮ್ಮೂರಲ್ಲಿ ದೀಪ ಹಾಕುವುದು ಗಡಿಯಾರ ನೋಡಿ ಅಲ್ಲ. ಲೈನ್‌ಮನ್ ದಸ್ತಗೀರ್ ಸಾಬರು ಸ್ವಿಚ್ಚಿನ ಮೇಲೆ ಒಂದು ಕೈಯಿಟ್ಟು ಇನ್ನೊಂದು ಅಂಗೈ ನೋಡುತ್ತಾ ನಿಲ್ಲುತ್ತಾರೆ, ಗೆರೆ ಕಾಣದಾದಾಗ ಸ್ವಿಚ್ಚು ಒತ್ತುತ್ತಾರೆ. ಮೋಡದ ದಿನ ಗೆರೆ ಬೇಗ ಮಾಸುತ್ತದೆ. ರಸ್ತೆ ಒಂದು ಕಡೆಯಿಂದ ಉದ್ದವಾಗುತ್ತಿತ್ತು, ಹೊತ್ತು ಇನ್ನೊಂದು ಕಡೆಯಿಂದ ಗಿಡ್ಡವಾಗುತ್ತಿತ್ತು. ಆಗಲ್ಲ ಕಣೇ ಜಯಶೀಲಾ, ಅಂದಿತು ಮನಸ್ಸು. ಚಂದನಳ ಒದ್ದೆ ಅಂಗೈ ನೆನಪಾಯಿತು, ಕಾಲು ಕಿತ್ತಿಟ್ಟೆ.

ಎಷ್ಟು ಓಡಿದೆನೋ. ಮುಂದೆ ಬಿಳಿ ಚೂಡಿದಾರ ಕಂಡಿತು. ವನಮಾಲ. ಅವರು ಓಡುತ್ತಿರಲಿಲ್ಲ, ಕುಂಟುತ್ತಿದ್ದರು. ಎಡ ಪಾದದ ಬೂಟಿನಿಂದ ಹೆಜ್ಜೆ ಹೆಜ್ಜೆಗೂ ಕೆಂಪು ನೀರು ಬರುತ್ತಿತ್ತು. ನಾನು ಅವರನ್ನು ದಾಟಿದೆ. ದಾಟುವಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ದಾಟಿದ ಮೇಲೆ ಎಷ್ಟು ಓಡಿದರೂ ಅದೇ ಹಸಿರು ಬಾಗಿಲಿನ ಮನೆ ಪಕ್ಕದಲ್ಲೇ ಇತ್ತು. ಹಿಂದೆ ನೋಡಿದರೆ ಅವರು ಚುಕ್ಕೆಯಾಗಿದ್ದರು. ನಾವಿಬ್ಬರೂ ಆ ಮಳೆಯಲ್ಲಿ ಬೇರೆ ಬೇರೆ ಓಡುತ್ತಾ ನಾಳೆ ಬೆಳಗ್ಗೆಯವರೆಗೂ ಅಲ್ಲೇ ಇರುತ್ತೇವೆ ಎಂದು ನನಗೆ ಆಗ ಹೊಳೆಯಿತು. ಇಬ್ಬರಲ್ಲಿ ಯಾರೂ ಮುಗಿಸುವುದಿಲ್ಲ, ಆಷಾಢದಲ್ಲಿ ಆ ಹುಡುಗಿಗೆ ಡಾಕ್ಟರಮ್ಮ ಇಲ್ಲ.

ನಿಂತೆ. ಹಿಂದೆ ತಿರುಗಿ ಕಿರುಚಿದೆ: "ಏನ್ರೀ ಬೀಗರೇ! ಮದುವೆ ದಿನಾನೂ ಹೀಗೇ ಕಾಲೆಳೀತಾ ಬಂದ್ರಲ್ಲ, ಇವತ್ತೂ ಅದೇ ನಡಿಗೇನಾ?"

ಅಲ್ಲಿಂದ ಉತ್ತರ ಬಂತು: "ಕಾಲೆಳೆದಿದ್ದು ನಿಮ್ಮ ರೇಷ್ಮೆ ಸೀರೆ! ಎತ್ತಿಕೊಂಡು ನಡೀರಿ ಅಂದಿದ್ದಕ್ಕೆ ಮೂತಿ ತಿರುವಿದ್ರಿ!" ಅಂದದ್ದೇ ತಡ, ಚುಕ್ಕೆಯಾಗಿದ್ದವರು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದರು. ಹಸಿರು ಬಾಗಿಲು ಹಿಂದಕ್ಕೆ ಹೋಯಿತು.

ಅಲ್ಲಿಂದ ಜಗಳ ಹಿಡಿದೆವು. ಎರಡು ವರ್ಷ ಮಾತು ಬಿಟ್ಟಿದ್ದರ ಲಾಭ ಅವತ್ತು ಗೊತ್ತಾಯಿತು, ಆಡದೆ ಉಳಿದದ್ದು ಇಬ್ಬರಲ್ಲೂ ಮೂಟೆಗಟ್ಟಲೆ ಇತ್ತು. ಬೀಗರ ಔತಣದ ದಿನ ನನ್ನ ತಮ್ಮನಿಗೆ ಎರಡನೇ ಸಲ ಪಾಯಸ ಬೇಕಾ ಅಂತ ಕೇಳಲಿಲ್ಲ ಅಂದೆ. ನಿಮ್ಮ ತಮ್ಮ ಮೂರು ಸಲ ಬಡಿಸಿಕೊಂಡಿದ್ದನ್ನು ನಾನೇ ನೋಡಿದೆ ಅಂದರು. ನಿಮ್ಮ ಮಗಳಿಗೆ ರೊಟ್ಟಿ ತಟ್ಟಲು ಬರುವುದಿಲ್ಲ ಅಂದೆ. ನಿಮ್ಮ ಮಗನಿಗೆ ತಿನ್ನಲು ಬರುತ್ತದಲ್ಲ ಸಾಕು ಅಂದರು. ನಾನು ಓಡುತ್ತಾ ನಕ್ಕೆ, ಉಸಿರು ಸಿಕ್ಕಿಹಾಕಿಕೊಂಡಿತು. ನಗಬೇಡಿ, ಮಾತಾಡಿ, ಮಾತಾಡಿ ಎಂದು ಅವರು ನನ್ನ ಬೆನ್ನಿಗೆ ಗುದ್ದಿದರು. ಚಂದನ ನನ್ನ ಗಿರಣಿ ಶಬ್ದಕ್ಕೆ ತಲೆನೋವು ಅಂತ ತವರಿಗೆ ಬಂದು ಅತ್ತಿದ್ದಳಂತೆ. ನನಗೆ ಹೇಳಲೇ ಇಲ್ಲವಲ್ಲ ಅಂದೆ. ಹೇಳಿದ್ರೆ ಅತ್ತೆ ಗಿರಣಿ ನಿಲ್ಲಿಸಿಬಿಡ್ತಾರೆ, ಪಾಪ ಅಂದಳು ಎಂದರು. ನನಗೆ ಮುಂದೆ ಮಾತು ಹೊರಡಲಿಲ್ಲ. ತಕ್ಷಣ ಕಾಲಡಿಯಲ್ಲಿ ರಸ್ತೆ ಜಾರಿದ ಹಾಗಾಯಿತು. "ಏನಾದ್ರೂ ಹೇಳ್ರೀ!" ಎಂದು ಅವರು ಕಿರುಚಿದರು. ನಿಮ್ಮ ಹೊಲಿಗೆ ಚೆನ್ನಾಗಿಲ್ಲ, ನನ್ನ ರವಿಕೆ ಕಂಕುಳಲ್ಲಿ ಹಿಡಿಯುತ್ತದೆ ಅಂತ ಬಾಯಿಗೆ ಬಂದದ್ದನ್ನು ಹೇಳಿದೆ. ನೀವು ದಪ್ಪಗಾಗಿದ್ದೀರಿ ಅಂದರು. ರಸ್ತೆ ತೆಪ್ಪಗಾಯಿತು.

ಬಸ್ ಸ್ಟ್ಯಾಂಡ್ ಬೀದಿಯ ತಿರುವು ಬಂದಾಗ ಬೆಳಕು ಬೂದಿಯಾಗಿತ್ತು. ದೂರದಲ್ಲಿ ಹಗ್ಗ ಕಾಣುತ್ತಿತ್ತು, ಅದರ ಎರಡೂ ಕಡೆ ಬಾಯಿ ಮುಚ್ಚಿಕೊಂಡು ನಿಂತ ಜನ. ಅಷ್ಟೊಂದು ಜನ ಸೇರಿಯೂ ಒಂದು ಕೆಮ್ಮಿನ ಸದ್ದಿಲ್ಲ. ಕಂಬದ ಹತ್ತಿರ ದಸ್ತಗೀರ್ ಸಾಬರು ಅಂಗೈಯನ್ನು ಮುಖದ ಹತ್ತಿರ ಹಿಡಿದಿದ್ದರು. ಆಗ ಪಕ್ಕದಲ್ಲಿ ಧಪ್ಪೆಂದು ಸದ್ದಾಯಿತು. ವನಮಾಲ ಬಿದ್ದಿದ್ದರು. ಪಾದ ಹೊರಳಿ ಹಿಂದಕ್ಕೆ ತಿರುಗಿತ್ತು, ನೋಡಿದರೇ ಗೊತ್ತಾಗುತ್ತಿತ್ತು ಇನ್ನು ಅವರು ಏಳುವುದಿಲ್ಲ ಎಂದು.

ನಾನು ಬಗ್ಗಿ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಅವರು ನನ್ನ ಕೈ ಕಿತ್ತೆಸೆದರು. "ನನ್ನ ಹೊತ್ಕೊಂಡು ಹೋದ್ರೆ ಇಬ್ರೂ ಮುಗಿಸಲ್ಲ. ಓಡಿ."

"ನಿಮ್ಮನ್ನ ಬಿಟ್ಟೋದ್ರೆ ಈ ಮಳೇಲಿ ನೀವು..."

"ಯಾರಾದ್ರೂ ಒಬ್ರು ಮುಗಿಸ್ಲೇಬೇಕು ಬೀಗರೇ. ಓಡಿ. ನಾನು ಮಾತಾಡ್ತೀನಿ, ನೀವು ಹ್ಞೂಂ ಅನ್ನಿ. ಹ್ಞೂಂ ಅನ್ನೋದು ಮಾತ್ರ ನಿಲ್ಲಿಸ್ಬೇಡಿ."

ಓಡಿದೆ. ಹಿಂದಿನಿಂದ ದನಿ ಬಂತು, ಹೊಲಿಗೆ ಕ್ಲಾಸಿನಲ್ಲಿ ಹುಡುಗಿಯರನ್ನು ಗದರಿಸುವ ದೊಡ್ಡ ದನಿ. "ಚಂದನಂಗೆ ಸಿಟ್ಟು ಬಂದ್ರೆ ಊಟ ಬಿಡಲ್ಲ, ನಿದ್ದೆ ಬಿಡ್ತಾಳೆ! ರಾತ್ರಿ ಎದ್ದು ಕೂತಿದ್ರೆ ಏನು ಅಂತ ಕೇಳಿ!" ಹ್ಞೂಂ ಅಂತ ಕೂಗಿದೆ. "ಮೆಂತ್ಯದ ಲಾಡು ಬಾಯಿಗಿಟ್ರೆ ವಾಂತಿ! ಬಾಣಂತಿ ಅಂತ ಬಲವಂತ ಮಾಡ್ಬೇಡಿ, ಕೊಬ್ಬರಿ ಹಾಕಿ ಅಂಟಿನುಂಡೆ ಮಾಡಿ!" ಹ್ಞೂಂ! ಎಡಬಲದಲ್ಲಿ ಜನರ ಮುಖಗಳು ಹಿಂದೆ ಸರಿಯತೊಡಗಿದವು. ರಸ್ತೆ ನಿಂತಿತ್ತು, ಒಣ ರಸ್ತೆಯ ಹಾಗೆ ಗಟ್ಟಿಯಾಗಿ ನಿಂತಿತ್ತು. ನಾನು ಜಗಳದಲ್ಲಿ ಎಲ್ಲ ಮಾತೂ ಮುಗಿಯಿತು ಅಂದುಕೊಂಡಿದ್ದೆ. ಅವರ ಹತ್ತಿರ ಇದೊಂದು ಉಳಿದಿತ್ತು, ಹೆತ್ತವಳು ಯಾರಿಗೂ ಕೊಡದೆ ಇಟ್ಟುಕೊಂಡದ್ದು. ಅದನ್ನು ಬೀದಿಯಲ್ಲಿ ಕೂತು ಊರೆಲ್ಲ ಕೇಳುವ ಹಾಗೆ ನನ್ನ ಬೆನ್ನಿಗೆ ಎಸೆಯುತ್ತಿದ್ದರು.

"ನೋವು ಬಂದ್ರೆ ಕೂಗಲ್ಲ ಅವಳು! ಚಿಕ್ಕೋಳಿದ್ದಾಗ ಕೈ ಮುರಿದ್ರೂ ಕೂಗ್ಲಿಲ್ಲ! ಸುಮ್ನಿದಾಳೆ ಅಂತ ಕೂತ್ಕೋಬೇಡಿ, ತುಟಿ ಬೆಳ್ಳಗಾದ್ರೆ ಹೊರಟುಬಿಡಿ! ಕೇಳಿಸ್ತಾ?"

"ಕೇಳಿಸ್ತು!"

"ಅವಳ ಅಂಗಾಲು ಉಜ್ಜಿ! ನಾನು ಹಾಗೇ ಮಲಗಿಸ್ತಿದ್ದೆ!"

"ಉಜ್ತೀನಿ!"

ದನಿ ತೆಳ್ಳಗಾಗುತ್ತಿತ್ತು, ಒಡೆಯುತ್ತಿತ್ತು. ಹಗ್ಗ ಇನ್ನು ಒಂದು ಅಂಗಡಿ ಸಾಲಿನಷ್ಟು ದೂರ. ದಸ್ತಗೀರ್ ಸಾಬರ ಕೈ ಸ್ವಿಚ್ಚಿನ ಮೇಲೆ ಬಿಗಿಯಾಗಿದ್ದು ಕಂಡಿತು. ಹಿಂದೆ ಸದ್ದು ನಿಂತಿತು. ನಿಂತದ್ದೇ ಅಂಗಡಿ ಸಾಲು ಎಳೆದ ಹಾಗೆ ಉದ್ದವಾಯಿತು, ಹಗ್ಗ ದೂರ ಸರಿಯಿತು. ಚಂದನ ಹಗ್ಗದ ಪಕ್ಕದಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಭುಜ ಕುಲುಕುತ್ತಿತ್ತು. ಒಂದು ಮಾತು ಆಡಿದರೂ ನಾನು ಹೊರಗೆ ಅಂತ ಅವಳಿಗೆ ಗೊತ್ತು. ನಾನು ಓಡುತ್ತಲೇ ಕಿರುಚಿದೆ, "ಬೀಗರೇ! ಇನ್ನೊಂದು! ಇನ್ನೊಂದೇ ಒಂದು!"

ಬಂತು. ಅದು ದನಿಯಾಗಿರಲಿಲ್ಲ, ಗಂಟಲು ಕೆರೆದ ಸದ್ದು. "ಅವತ್ತು ಬಾಯಿ ಮುಚ್ಚಿದ್ದು ನಾನೇ ಕಣ್ರೀ! ಛತ್ರ ಕಾಣಿಸ್ತು. ಇನ್ನು ಇವಳು ನನ್ನವಳಲ್ಲ ಅನ್ನಿಸ್ತು! ಗಂಟಲು ಕಟ್ಬಿಡ್ತು!"

ಹ್ಞೂಂ ಅನ್ನಲು ನನಗೆ ಆಗಲಿಲ್ಲ, ಅಳುವೇ ಬಂತು. ಆ ಅಳುವನ್ನೇ ಗಟ್ಟಿಯಾಗಿ ಅತ್ತೆ, ಅವರಿಗೆ ಕೇಳಿಸಲಿ ಅಂತ. ಅಂಗಡಿ ಸಾಲು ಗಕ್ಕನೆ ಒಟ್ಟಾಯಿತು. ಹಗ್ಗ ಎದೆಗೆ ತಾಗಿತು. ದೀಪ ಹೊತ್ತಿತು.

ಜನ ಬಾಯಿ ಬಿಟ್ಟರು, ಒಮ್ಮೆಲೇ ಎಲ್ಲರೂ ಮಾತು. ಯಾರೋ ತೋಳಿಗೆ ಕೆಂಪು ಪಟ್ಟಿ ಕಟ್ಟಿದರು, ಯಾರೋ ಕಂಬಳಿ ಹೊದಿಸಿದರು. ನಮ್ಮ ಯಜಮಾನರು ಕೊಡೆ ಹಿಡಿದುಕೊಂಡು ಏನು ಹೇಳಬೇಕೋ ತಿಳಿಯದೆ, "ಬೆಲ್ಟು ನಾನೇ ಸರಿ ಮಾಡಿಸಿದೆ," ಅಂದರು. ಚಂದನ ನನ್ನ ಕೈ ಹಿಡಿದು, "ಅತ್ತೆ, ಅಮ್ಮ..." ಅಂತ ದಾರಿಯ ಕಡೆ ತೋರಿಸಿದಳು. ಬಂದ ದಾರಿಯನ್ನು ತಿರುಗಿ ನೋಡಿದೆ. ದೀಪಗಳ ಸಾಲು ಮಳೆಯಲ್ಲಿ ಹೋಗುತ್ತಾ ಹೋಗುತ್ತಾ ಮುಗಿಯುತ್ತಲೇ ಇರಲಿಲ್ಲ. ಅವರು ಬಿದ್ದ ತಿರುವು ಕಾಣಿಸುತ್ತಿರಲಿಲ್ಲ.

"ನಿನ್ನ ಬಟ್ಟೆ ಗಂಟು ಕಟ್ಕೋ," ಅಂದೆ ಚಂದನಳಿಗೆ. "ಹೆರಿಗೆ ನಿನ್ನ ತವರಲ್ಲೇ."

"ಅಲ್ಲಿ ದಾರಿಯವರಿಲ್ಲವಲ್ಲ ಅತ್ತೆ."

"ದಾರಿಯವರು ಎಲ್ಲಿ ಮಲಗ್ತಾರೋ ಆ ಬೀದಿಯವರು. ಮಳೆಗಾಲ ಮುಗಿಯೋ ತನಕ ನಾನೂ ಅಲ್ಲೇ ಮಲಗ್ತೀನಿ."

ನನ್ನ ದೊಡ್ಡ ಓರಗಿತ್ತಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಗಂಡಿನ ತಾಯಿ ಬೀಗರ ಮನೇಲಿ ಬಿದ್ಕೊಳ್ಳೋದಾ? ಊರು ಏನನ್ನುತ್ತೆ!" ಕಂಬಳಿ ಅವಳ ಕೈಗೆ ಕೊಟ್ಟು ಮತ್ತೆ ರಸ್ತೆಗಿಳಿದೆ. ಯಜಮಾನರು, ಬೇರೆಯವರನ್ನು ಕಳಿಸೋಣ ಕಣೇ, ನಿನ್ನ ಕಾಲು ನೋಡ್ಕೋ ಅಂದರು. ಪಟ್ಟಿ ಇರುವುದು ನನ್ನ ತೋಳಿನಲ್ಲಿ ಅಂದೆ.

ಎಷ್ಟು ದೂರ ಹೋದೆನೋ. ಕಾಲು ನನ್ನದು ಅಂತ ಅನ್ನಿಸುತ್ತಿರಲಿಲ್ಲ. ಕಂಬದ ಮೇಲೆ ಕಂಬ, ದೀಪದ ಮೇಲೆ ದೀಪ, ಎಲ್ಲಿಯೂ ಬಿಳಿ ಬಟ್ಟೆ ಇಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ, "ವನಮಾಲಾ! ಮುಗಿಸಿದೆ ಕಣ್ರೀ! ಹೆರಿಗೆ ನಿಮ್ಮನೇಲೇ!" ಮಳೆ ಸುರಿಯಿತು. "ನಾನೂ ನಿಮ್ಮನೇಲೇ ಇರ್ತೀನಿ, ನಡುಮನೇಲಿ ನನಗೊಂದು ಹಾಸಿಗೆ ಹಾಕಿ!" ಉತ್ತರವಿಲ್ಲ. ದನಿ ಸತ್ತುಹೋಗಿದೆಯೋ, ಚಳಿಗೆ ಎಚ್ಚರ ತಪ್ಪಿದರೋ, ಇನ್ನೂ ಕೆಟ್ಟದ್ದೋ. ಒಬ್ಬಳೇ ಆಡುವ ಮಾತಿಗೆ ರಸ್ತೆ ಕಿವಿಗೊಡುವುದಿಲ್ಲ, ಅದು ಉದ್ದವಾಗುತ್ತಲೇ ಇತ್ತು. ಭಯವಾಯಿತು, ಬಹಳ ಭಯವಾಯಿತು. ಭಯಕ್ಕೇ ಇನ್ನೂ ಜೋರಾಗಿ ಕೂಗಿದೆ, "ಕೇಳಿಸ್ತಾ ಇದ್ರೆ ಒಂದು ಮಾತಾಡ್ರೀ! ಬೆಳಗ್ಗೆ ಎದ್ದ ತಕ್ಷಣ ನನಗೆ ಕಾಫಿ ಬೇಕು, ಸ್ಟ್ರಾಂಗಾಗಿ, ಹೇಳಿಬಿಟ್ಟಿದೀನಿ!"

ಮಳೆಯೊಳಗಿಂದ ಹರಕು ದನಿಯೊಂದು ತೆವಳಿಕೊಂಡು ಬಂತು.

"ನಮ್ಮನೇಲಿ ಟೀ ಮಾತ್ರ."

ಮುಂದಿನ ಕಂಬ ತಟ್ಟನೆ ನನ್ನ ಹತ್ತಿರ ಬಂದು ನಿಂತಿತು. ಅದರ ಬುಡದಲ್ಲಿ ವನಮಾಲ ಕೂತಿದ್ದರು.